ನೆಲಕ್ಕೆ ಕೂರುವ ಕಾಲು

ಹ್ಯಾಂಡ್‌ಪೋಸ್ಟ್ ಎಂಬ ಊರಿನ ಬಸ್‌ಸ್ಟಾಪಿನೆದುರು ಚಪ್ಪಲಿ ಅಂಗಡಿ ಇಟ್ಟಿರುವ ಉಮರ್ ಸಾಹೇಬರ ಪ್ರಕಾರ, ಬಯೋಮೆಡಿಕಲ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಓದುವವರಿಗೆ ಮನುಷ್ಯರೇ ಕಾಣುವುದಿಲ್ಲ, ಕೀಲುಗಳು ಮಾತ್ರ ಕಾಣುತ್ತವೆ. ಅದನ್ನೇ ಓದುತ್ತಿರುವ ಅವರ ಮಗಳು ನಿಶತ್ ರಜೆಗೆ ಮೈಸೂರಿನಿಂದ ಬಂದರೆ ಅಂಗಡಿ ಬಾಗಿಲಲ್ಲಿ ನಿಂತು, ಬಸ್ಸಿಳಿಯುವವರ ಮಂಡಿ ಎಷ್ಟು ಬಾಗುತ್ತದೆಂದು ಬರೆದುಕೊಳ್ಳುತ್ತಾಳೆ. ಮದುವೆಮನೆಯಲ್ಲಿ ಬಿರಿಯಾನಿ ಆರಿದರೂ ಚಿಂತೆಯಿಲ್ಲ, ಮುದುಕಿಯರು ನೆಲದಿಂದ ಏಳುವುದನ್ನು ವಿಡಿಯೊ ಮಾಡುತ್ತಿರುತ್ತಾಳೆ. "ಮೂವತ್ತು ವರ್ಷದಿಂದ ಊರೋರ ಕಾಲು ಹಿಡ್ಕೊಂಡೇ ಕೂತಿವ್ನಿ, ನಂಗ್ಯಾರೂ ಡಿಗ್ರಿ ಕೊಡ್ಲಿಲ್ಲ ಕಣಮ್ಮ" ಎಂದು ಸಾಹೇಬರು ಛೇಡಿಸುತ್ತಾರೆ. ಅಂತರಸಂತೆ ಕಡೆಯ ಗಿರಿಜನ ಹಾಡಿಯ ಕೂಲಿ ಹೆಂಗಸು ನಿಂಗಿಗೆ ತೊಡೆಯಿಂದ ಕೆಳಗೆ ಒಂದು ಕಾಲಿಲ್ಲ. ಹೋದ ವರ್ಷ ನಿಶತ್ ಮಾಡಿಕೊಟ್ಟ ಕೃತಕ ಕಾಲನ್ನು ತೊಟ್ಟು ಅಂಗಡಿಯ ಸ್ಟೂಲಿನ ಮೇಲೆ ಕೂತವಳು, "ಚೆಂದಾಗದೆ ಕಣವ್ವ. ಆದ್ರೆ ಸ್ಟೂಲಾಕ್ಕೊಂಡು ಕಳೆ ಕೀಳೋಕಾಯ್ತದಾ? ಕೂಲಿಗೆ ಯಾರು ಕರ್ದಾರು?" ಎಂದಿದ್ದಳು. ಅದು ಕುರ್ಚಿಯಲ್ಲಿ ಕೂರುವವರಿಗಾಗಿ ಮಾಡಿದ ಮಂಡಿ, ನೆಲಕ್ಕೆ ಕುಕ್ಕರಿಸುವಷ್ಟು ಬಾಗುತ್ತಿರಲಿಲ್ಲ. ನಿಶತ್ ಕೂಲಿ ಹೆಂಗಸರ ಜೊತೆ ಗದ್ದೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತಳು, ಹನ್ನೊಂದು ಮಂಡಿ ಮಾಡಿ ಎಲ್ಲಿ ಸೋಲುತ್ತದೆಂದು ತಿಳಿಯಲು ಹನ್ನೊಂದನ್ನೂ ತಾನೇ ಮುರಿದು ನೋಡಿದಳು. ಮೊನ್ನೆ ಹನ್ನೆರಡನೆಯದನ್ನು ತೊಟ್ಟ ನಿಂಗಿ ಅಂಗಡಿಯ ಮುಂದೆ ನೆಲಕ್ಕೆ ಕುಕ್ಕರಿಸಿದಳು. ಎಬ್ಬಿಸಲು ಸಾಹೇಬರು ಕೈ ಚಾಚಿದರು. "ಅಬ್ಬಾಜಾನ್, ಮುಟ್ಬೇಡಿ" ಎಂದಳು ನಿಶತ್. ನಿಂಗಿ ಒಮ್ಮೆ ಎಡಕ್ಕೆ ವಾಲಿದಳು, ಸಾವರಿಸಿಕೊಂಡು ತಾನೇ ಎದ್ದಳು, ಸೀರೆಯ ಮಣ್ಣು ಕೊಡವಿ, "ನಾಳಿಕೆ ಕಳೆಗೆ ಓಯ್ತೀನಿ" ಎಂದು ಬಸ್ಸಿನ ಕಡೆ ನಡೆದಳು. ಬಸ್ಸು ಹೊರಟು ಹೋದರೂ ಸಾಹೇಬರ ಕೈ ಚಾಚಿದ್ದಲ್ಲೇ ಇತ್ತು.