ಫೇಟಾದ ತುದಿ ಹಿಡಿದವಳು

"ಮಕ್ಕಳನ್ನು ಕರೆತರಬಾರದು." ತರಬೇತಿಗೆ ಕರೆಯುವ ಪತ್ರದ ಕೊನೆಯ ಸಾಲು ಬರೆದವಳು ನಾನೇ. ಬೇರೆಯವರನ್ನು ಬೈಯುವ ಮೊದಲು ಇದನ್ನು ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಮುಂದೆ ಬೈಯುವುದು ಬಹಳ ಇದೆ.

ಶಾಲೆಗೆ ಬರಲಾಗದ ಮಕ್ಕಳಿಗೆ ಅವರ ಮನೆಗೇ ಹೋಗಿ ಕಲಿಸುವುದು ನನ್ನ ಕೆಲಸ. ಚಿಕ್ಕೋಡಿ ಸುತ್ತಲಿನ ಹಳ್ಳಿಗಳ ಹೊಂಡಗಳೆಲ್ಲ ನನ್ನ ಸ್ಕೂಟಿಗೆ ಬಾಯಿಪಾಠವಾಗಿವೆ. ಒಂದು ದಿನ ಮೇಲಿನಿಂದ ಆದೇಶ ಬಂತು: ಬುದ್ಧಿ ಬೆಳವಣಿಗೆ ಕಡಿಮೆ ಇರುವ ಮಕ್ಕಳ ಪಾಲಕರಿಗೆ, ಅವರನ್ನು ನೋಡಿಕೊಳ್ಳುವವರಿಗೆ 'ವರ್ತನಾ ನಿರ್ವಹಣೆ' ತರಬೇತಿ ನಡೆಸಬೇಕು. ಮಗು ಕಚ್ಚಿದರೆ, ಚೀರಿದರೆ, ತಲೆ ಚಚ್ಚಿಕೊಂಡರೆ ಮನೆಯವರು ಏನು ಮಾಡಬೇಕೆಂದು ಹೇಳಿಕೊಡುವುದು. ಒಳ್ಳೆಯ ವಿಚಾರವೇ. ಆದರೆ ತರಬೇತಿ ಅಂದ ಕೂಡಲೇ ನಮ್ಮ ಸಾಹೇಬರಿಗೆ ನೆನಪಾದದ್ದು ವೇದಿಕೆ, ಬ್ಯಾನರು, ಅತಿಥಿಗಳ ತಲೆಗೆ ಸುತ್ತುವ ಫೇಟಾ. ಮಕ್ಕಳು ಬಂದರೆ ಗದ್ದಲವಾಗುತ್ತದೆ, ಫೋಟೊ ಕೆಡುತ್ತದೆ ಎಂದರು. ನಾನೂ ಹೂಂ ಅಂದು ಬರೆದೆ.

ಪತ್ರ ಕರೋಶಿಯ ಒಬ್ಬ ಅಜ್ಜಿಗೂ ಮುಟ್ಟಿತು. ಮಗ ಸೊಸೆ ಕಬ್ಬಿನ ಕೆಲಸಕ್ಕೆ ಹೋದರೆ ಎರಡು ಎಮ್ಮೆ ಮತ್ತು ಒಂಬತ್ತು ವರ್ಷದ ಮೊಮ್ಮಗಳು ಅವಳ ಪಾಲು. ಹುಡುಗಿಗೆ ಮಾತಿಲ್ಲ. ಕೈ ಖಾಲಿಯಾದರೆ ಸಾಕು, ಮಣಿಕಟ್ಟನ್ನು ರಕ್ತ ಬರುವಂತೆ ಕಚ್ಚಿಕೊಳ್ಳುತ್ತಾಳೆ. ಅಜ್ಜಿ ಅವಳನ್ನು ಎಮ್ಮೆಯ ಹಗ್ಗದಿಂದಲೇ ಕೊಟ್ಟಿಗೆಯ ಕಂಬಕ್ಕೆ ಕಟ್ಟುತ್ತಿದ್ದಳು. ಅದಕ್ಕಾಗಿ ನಾನು ಎಷ್ಟೋ ಸಲ ರೇಗಿದ್ದೆ.

"ಬಿಟ್ರ ಬಾಂವಿ ಕಡೆ ಓಡತಾಳ, ಕಟ್ಟಿದ್ರ ಕೈ ಕಡಕೋತಾಳ. ಹಗ್ಗಾ ಬಿಚ್ಚೂದು ಹ್ಯಾಂಗಂತ ನೀವ ಹೇಳ್ರಿ ಬಾಯಾರ" ಅಂದಿದ್ದಳು.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ನಾಚಿಕೆಯಾಗಿ, ತರಬೇತಿಗೆ ಬಾ, ಅಲ್ಲಿ ಹೇಳಿಕೊಡುತ್ತಾರೆ ಎಂದೆ. ಆಕೆ ನಂಬಿದಳು.

ಆ ದಿನ ಸಭಾಭವನದ ತುಂಬ ಗಂಡಸರು. ಮಗುವನ್ನು ಬಿಟ್ಟು ಕದಲಲಾಗದ ತಾಯಂದಿರು ಮಗುವಿಲ್ಲದೆ ಬರುವುದು ಹೇಗೆ? ಅವರು ಮನೆಯಲ್ಲೇ ಉಳಿದರು. ಮಗುವಿನ ಮೂಗು ಒಂದು ದಿನವೂ ಒರೆಸದ ಅಪ್ಪಂದಿರು, ಕಾಕಾಗಳು ಇಸ್ತ್ರಿ ಅಂಗಿ ಹಾಕಿಕೊಂಡು ಮುಂದಿನ ಕುರ್ಚಿಗಳಲ್ಲಿ ಕುಳಿತರು. ಒಬ್ಬರಂತೂ ತಮ್ಮ ಮಗಳ ವಯಸ್ಸನ್ನು ಪಕ್ಕದವರಿಂದ ಕೇಳಿ ಹಾಜರಿಪಟ್ಟಿಯಲ್ಲಿ ಬರೆಸಿದರು.

ನಮ್ಮ ಕಡೆ ಫೇಟಾ ಸುತ್ತದೆ ಯಾವ ಕಾರ್ಯಕ್ರಮವೂ ಶುರುವಾಗುವುದಿಲ್ಲ. ನಿಪ್ಪಾಣಿಯಿಂದ ಫೇಟಾ ಕಟ್ಟುವವರೊಬ್ಬರನ್ನು ಕರೆಸಿದ್ದರು. ವೇದಿಕೆಯ ಮೇಲೆ ಏಳು ತಲೆ. ಒಂದೊಂದಕ್ಕೂ ಉದ್ದನೆಯ ಬಟ್ಟೆ ಹಿರಿದು, ನೆರಿಗೆ ಹಿಡಿದು, ತುರಾಯಿ ಬಿಟ್ಟು ಮುಗಿಸುವಷ್ಟರಲ್ಲಿ ಒಂದು ತಾಸು ಹೋಯಿತು. ನಂತರ ನಗರದಿಂದ ಬಂದ ತಜ್ಞರು ಗುಲಾಬಿ ಫೇಟಾ ಸರಿಪಡಿಸಿಕೊಳ್ಳುತ್ತ ಎದ್ದರು. ಇಂಥ ಮಕ್ಕಳಿಗೆ ತಾಳ್ಮೆಯೇ ಔಷಧ ಎಂದರು.

ಅಷ್ಟರಲ್ಲಿ ಅಜ್ಜಿ ಬಂದಳು, ಸೊಂಟಕ್ಕೆ ಅಂಟಿಕೊಂಡ ಮೊಮ್ಮಗಳ ಜೊತೆಗೆ. ಮೈಕು ಕಿರ್ರೆಂದಿತು. ಹುಡುಗಿ ಚೀರಿ ಮಣಿಕಟ್ಟು ಕಚ್ಚಿಕೊಂಡಳು. ತಜ್ಞರ ತಾಳ್ಮೆ ಒಂದು ನಿಮಿಷ ಬಾಳಿತು. ಆ ಮಗುವನ್ನು ಮೊದಲು ಹೊರಗೆ ಕರೆದೊಯ್ಯಿರಿ ಎಂದು ಮೈಕಿನಲ್ಲೇ ಹೇಳಿದರು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ಕರೆದೊಯ್ದವಳು ಮತ್ತೆ ನಾನೇ.

ಹೊರಗೆ ಕಟ್ಟೆಯ ಮೇಲೆ ಫೇಟಾದವರು ತಡವಾಗಿ ಬರುವ ಅತಿಥಿಗಾಗಿ ಬಟ್ಟೆ ಸಿದ್ಧ ಮಾಡುತ್ತಿದ್ದರು. ನೆರಿಗೆ ಬರಬೇಕಾದರೆ ಬಟ್ಟೆಯ ಇನ್ನೊಂದು ತುದಿಯನ್ನು ಯಾರಾದರೂ ಬಿಗಿಯಾಗಿ ಹಿಡಿಯಬೇಕು. ಅವರು ಸುತ್ತ ನೋಡಿ, ಹುಡುಗಿಯ ಕೈಗೇ ತುದಿ ಕೊಟ್ಟರು. "ಹಿಡಿ ತಂಗಿ, ಬಿಡಬ್ಯಾಡ."

ಹುಡುಗಿ ಎರಡೂ ಕೈಯಲ್ಲಿ ಹಿಡಿದಳು. ಅವರು ಎಳೆದರೆ ಇವಳೂ ಎಳೆದಳು. ನೆರಿಗೆ ತನ್ನ ಕಡೆ ಬರುವುದನ್ನು ಬಾಯಿ ತೆರೆದು ನೋಡಿದಳು. ಮುಗಿದಾಗ ಬಟ್ಟೆಯನ್ನು ಅವರತ್ತ ನೂಕಿದಳು. ಅವರು ನಕ್ಕು ಪೂರ್ತಿ ಬಿಚ್ಚಿ ಮತ್ತೆ ಮೊದಲಿನಿಂದ ಶುರುಮಾಡಿದರು. ಅವಳಿಗೇನಾಗಿದೆ ಎಂದು ಒಮ್ಮೆಯೂ ಕೇಳಲಿಲ್ಲ. ಒಳಗೆ ಚಪ್ಪಾಳೆ ಬೀಳುವವರೆಗೆ ಅವಳ ಕೈ ಬಾಯಿಗೆ ಹೋಗಲಿಲ್ಲ. ಅಜ್ಜಿ ಕಂಬಕ್ಕೆ ಒರಗಿ ಎಲ್ಲವನ್ನೂ ನೋಡುತ್ತಿದ್ದಳು.

ವರದಿಯಲ್ಲಿ ಸಂಪನ್ಮೂಲ ವ್ಯಕ್ತಿ ಎಂಬಲ್ಲಿ ನಾನು ಫೇಟಾ ಕಟ್ಟುವವರನ್ನೂ ಸೇರಿಸಿದ್ದೆ. ಸಾಹೇಬರು ನಕ್ಕು ಆ ಸಾಲನ್ನು ಹೊಡೆದು ಹಾಕಿದರು. ಏಳು ಫೇಟಾಗಳ ಫೋಟೊ ಹಚ್ಚಿ, ತರಬೇತಿ ಯಶಸ್ವಿ ಎಂದು ಕಳಿಸಿದರು.

ಹದಿನೈದು ದಿನ ಬಿಟ್ಟು ಕರೋಶಿಗೆ ಹೋದೆ. ಅಂಗಳದಲ್ಲಿ ಹಳೆಯ ಸೀರೆಯ ಒಂದು ತುದಿ ಹುಡುಗಿಯ ಕೈಯಲ್ಲಿ, ಇನ್ನೊಂದು ಅಜ್ಜಿಯ ಕೈಯಲ್ಲಿ. ಮಣಿಕಟ್ಟಿನ ಗಾಯ ಒಣಗಿತ್ತು. ಹಗ್ಗ ಎಮ್ಮೆಯ ಕೊರಳಲ್ಲಿತ್ತು. ಮೇವು ಕೊಯ್ಯಲು ಹೋಗುವಾಗ ಈಗಲೂ ಇವಳನ್ನು ಕಟ್ಟುತ್ತೇನೆ, ಸುಳ್ಳು ಯಾಕೆ ಹೇಳಲಿ, ಆದರೆ ಉಳಿದ ಹೊತ್ತು ಕಟ್ಟುವುದಿಲ್ಲ ಎಂದಳು ಅಜ್ಜಿ.

ಆಮೇಲೆ, ಆ ದಿನ ಒಳಗೆ ಏನು ಕಲಿಸಿದರು ಎಂದು ಕೇಳಿದಳು. ವರದಿಗಾಗಿ ಆಮೇಲೆ ಕೇಳಿ ಬರೆದುಕೊಂಡದ್ದನ್ನು ನೆನಪಿದ್ದಷ್ಟು ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಬೇಸರ ಬಂತು.

"ಮುಂದಿನ ಸರ್ತಿ ಆ ಫೇಟಾದಾಂವ ಒಬ್ಬನ್ನ ಕರಸ್ರಿ, ಸಾಕು" ಅಂದಳು. "ಹುಡುಗುರ್ನ ಕರಕೊಂಡ ಬರ್ರಿ ಅಂತ ಬರೀರಿ."

ಎಮ್ಮೆ ಹಿಂಡುವ ಹೊತ್ತಾಗಿತ್ತು. ತನ್ನ ಕೈಯಲ್ಲಿದ್ದ ತುದಿಯನ್ನು ನನಗೆ ಕೊಟ್ಟು ಎದ್ದಳು. ಹುಡುಗಿ ಜೋರಾಗಿ ಎಳೆದಳು, ನಾನು ಮುಗ್ಗರಿಸಿದೆ, ಅವಳು ನಕ್ಕಳು. ಮೂರು ವರ್ಷದಿಂದ ಆ ಮನೆಗೆ ಹೋಗುತ್ತಿದ್ದೆ, ಅವಳು ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ಅಷ್ಟು ದಿನವೂ ನಾನು ಅವಳ ಮುಂದೆ ಬಣ್ಣದ ಚಾರ್ಟು ಹಿಡಿದು ಕೂತಿದ್ದೆ, ಅವಳ ಕೈಗೆ ಏನನ್ನೂ ಕೊಟ್ಟಿರಲಿಲ್ಲ.