ಮೊಸಳೆಯ ನೆಂಟನಿಗೆ ಎಳ್ಳುನೀರು

ನನ್ನ ಕೆಲಸ ಕಲ್ಲಿನೊಳಗಿಂದ ಮೂಳೆ ಬಿಡಿಸುವುದು. ಡೈನೋಸಾರುಗಳ ಕಾಲದ ಮೂಳೆಗಳು ಕಲ್ಲಾಗಿ, ಕಲ್ಲಿನಲ್ಲೇ ಹುದುಗಿ ನಮ್ಮ ಪ್ರಯೋಗಾಲಯಕ್ಕೆ ಬರುತ್ತವೆ. ಸೂಜಿ, ಬ್ರಷ್ಷು ಹಿಡಿದು ಕೂತರೆ ಒಂದು ತಲೆಬುರುಡೆ ಈಚೆ ಬರುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ. ಯಾವುದು ಮೂಳೆ, ಯಾವುದು ಬರೀ ಕಲ್ಲು ಅಂತ ಅನುಮಾನ ಬಂದರೆ ಚೂರನ್ನು ನಾಲಗೆಗೆ ತಾಗಿಸಿ ನೋಡುವುದುಂಟು, ಮೂಳೆಯಾದರೆ ಅಂಟಿಕೊಳ್ಳುತ್ತದೆ. ಇದನ್ನು ಒಮ್ಮೆ ಬಾಯಿತಪ್ಪಿ ಅಮ್ಮನೆದುರು ಹೇಳಿ ಕೆಟ್ಟೆ. "ಥೂ! ಮೂಳೆ ನೆಕ್ಕೋ ಕೆಲಸಕ್ಕೆ ಎಂ.ಎಸ್ಸಿ. ಬೇರೆ ಬೇಕಿತ್ತಾ?" ಅಂದಳು. ಅಂದಿನಿಂದ ಬಾಯಿ ಮುಕ್ಕಳಿಸದೆ ಅಡುಗೆಮನೆಗೆ ಕಾಲಿಡುವ ಹಾಗಿಲ್ಲ.

ಬಸವೇಶ್ವರನಗರದ ನಮ್ಮ ಮನೆಯಲ್ಲಿ ಈಗ ನಾವಿಬ್ಬರೇ. ನಾನು ಒಬ್ಬಳೇ ಮಗಳು. ಮದುವೆ ಆಗಲಿಲ್ಲ, ಆಗಲಿಲ್ಲವೆಂಬ ಕೊರಗೂ ನನಗಿಲ್ಲ. ಅಮ್ಮನಿಗಿದೆ, ಅದು ಬೇರೆ ಮಾತು. ಅಪ್ಪ ಹೋಗಿ, ವರ್ಷದ ಕರ್ಮವೆಲ್ಲ ಮುಗಿದು, ಮೊದಲ ಮಹಾಲಯ ಅಮಾವಾಸ್ಯೆ ಬಂತು. ತೀರಿಹೋದ ಹಿರಿಯರಿಗೆ ಎಳ್ಳುನೀರು ಬಿಡುವ ದಿನ. ಬದುಕಿರುವವರೆಗೆ ಅಪ್ಪ ತಪ್ಪದೆ ಬಿಡುತ್ತಿದ್ದರು. ಈ ಸಲ ಅವರಿಗೇ ಬಿಡಬೇಕು. ಅವರಿಗೆ ಕೊಳ್ಳಿ ಇಟ್ಟವನು ಕೆಂಗೇರಿಯಲ್ಲಿರುವ ನನ್ನ ದೊಡ್ಡಪ್ಪನ ಮಗ. ಅವನೇ ಬಂದು ಬಿಡುವುದು ಅಂತ ಮಾತಾಗಿತ್ತು. ಅಮ್ಮ ನಸುಕಿಗೇ ಎದ್ದು ಸ್ನಾನ ಮಾಡಿ, ಹೆಸರುಬೇಳೆ ಪಾಯಸ, ವಡೆ ಎಲ್ಲ ಮಾಡಿಟ್ಟಿದ್ದಳು.

ತಿಂಡಿಯ ಹೊತ್ತಿಗೆ ಅವನ ಫೋನು. "ಚಿಕ್ಕಮ್ಮ, ಸೊಂಟ ಹಿಡ್ಕೊಂಡ್‌ಬಿಟ್ಟಿದೆ. ಮಂಚದಿಂದ ಏಳೋಕೇ ಆಗ್ತಿಲ್ಲ. ಏನ್ ಮಾಡ್ಲಿ ಹೇಳಿ?"

"ಆಯ್ತಪ್ಪ, ಹುಷಾರು," ಅಂದು ಫೋನಿಟ್ಟ ಅಮ್ಮ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ನಾನು ಪುರೋಹಿತರಿಗೆ ಫೋನ್ ಮಾಡಿದೆ. ಅಮಾವಾಸ್ಯೆ ದಿನ ಅವರು ಸಿಗುವುದುಂಟೇ! ಎತ್ತಲೇ ಇಲ್ಲ.

"ನಿಮ್ಮಪ್ಪ ಬಂದು ಬಾಗಿಲಲ್ಲಿ ನಿಂತಿರ್ತಾರೆ ಕಣೇ," ಅಂದಳು ಅಮ್ಮ. "ಬಾಯಾರಿಕೆ ತಡ್ಕೊಳೋ ಜೀವ ಅಲ್ಲ ಅದು. ಹೊರಗಿಂದ ಬಂದ್ರೆ ಚಪ್ಪಲಿ ಬಿಡೋ ಮುಂಚೆನೇ ನೀರು, ನೀರು ಅನ್ನೋರು."

ನನಗೆ ಇದರಲ್ಲೆಲ್ಲ ನಂಬಿಕೆ ಅಷ್ಟಕ್ಕಷ್ಟೇ. ಆದರೂ, "ನಾನೇ ಬಿಡ್ತೀನಿ, ಏಳು," ಅಂದೆ.

"ಹೆಣ್ಮಕ್ಳು ಬಿಡೋ ಪದ್ಧತಿ ನಮ್ಮಲ್ಲಿಲ್ಲ."

"ಆಸ್ಪತ್ರೇಲಿ ಅವರ ಬಾಯಿಗೆ ಚಮಚದಲ್ಲಿ ನೀರು ಬಿಟ್ಟೋಳು ನಾನು! ಆವಾಗೆಲ್ಲಿ ಹೋಗಿತ್ತು ನಿನ್ನ ಪದ್ಧತಿ?"

ನನ್ನ ಬಾಯಿ ದೊಡ್ಡದು, ಬೀದಿಗೆಲ್ಲ ಕೇಳಿಸಿರಬೇಕು. ನಾನು ಧುಮುಗುಟ್ಟುತ್ತಾ ಹಾಲಿಗೆ ಬಂದು ಕೂತೆ. ಸಿಟ್ಟು ಬಂದಾಗ ನಾನು ಫೋನಿನಲ್ಲಿ ನನ್ನ ಮೂಳೆಗಳ ಫೋಟೋ ನೋಡುತ್ತಾ ಕೂರುತ್ತೇನೆ; ಅವು ಎದುರು ಮಾತಾಡುವುದಿಲ್ಲ. ಸ್ವಲ್ಪ ಹೊತ್ತಿಗೆ ಅಮ್ಮ ಬಂದು ಪಕ್ಕದಲ್ಲಿ ಕೂತಳು. ಕಣ್ಣು ಕೆಂಪಗಿತ್ತು.

"ಏನದು, ಹಲ್ಲೀನಾ?" ಅಂದಳು.

"ಮೊಸಳೆಯ ನೆಂಟ."

ಗೋದಾವರಿ ಕಡೆಯ ಕೆಂಪು ಕಲ್ಲಿನಲ್ಲಿ ಸಿಕ್ಕ ಪ್ರಾಣಿ ಅದು. ಬೆನ್ನ ಮೇಲೆ ಹೆಂಚು ಹೊದಿಸಿದ ಹಾಗೆ ಮೂಳೆಯ ಬಿಲ್ಲೆಗಳು. ನೆಲದ ಮೇಲೇ ಓಡಾಡಿಕೊಂಡು, ಸೊಪ್ಪುಸದೆ ತಿಂದುಕೊಂಡು ಬದುಕಿದ್ದು ಅಂತ ಅಮ್ಮನಿಗೆ ಹೇಳಿದೆ. ಅದರ ತಲೆ ಬಿಡಿಸುತ್ತಾ ಬಿಡಿಸುತ್ತಾ ನನಗೆ ಅದರ ಮೇಲೆ ಪ್ರೀತಿ ಹುಟ್ಟಿಬಿಟ್ಟಿತ್ತು.

"ಸೊಪ್ಪು ತಿನ್ನೋ ಮೊಸಳೆನಾ! ಅಯ್ಯೋ ಪಾಪ. ಈಗಿನ ಮೊಸಳೆಗಳಿಗೆ ತಾತ ಆಗ್ಬೇಕಾ?"

"ತಾತ ಅಲ್ಲಮ್ಮ, ದಾಯಾದಿ. ಮೊಸಳೆಗಳ ಕವಲು ಉಳ್ಕೊಂಡ್ತು. ಈ ಕವಲು ಪೂರ್ತಿ ಹೋಯ್ತು."

"ಒಂದೂ ಉಳೀಲಿಲ್ವಾ?"

"ಒಂದೂ ಇಲ್ಲ. ನಿರ್ವಂಶ."

ಅಂದವಳೇ ನಾಲಗೆ ಕಚ್ಚಿಕೊಂಡೆ. ನೆಂಟರ ಮನೆಗಳಲ್ಲಿ ಅಮ್ಮನ ಬೆನ್ನ ಹಿಂದೆ ಆಡುವ ಮಾತು ಅದು. ಅಮ್ಮ ಮಾತ್ರ ಫೋಟೋ ನೋಡುತ್ತಲೇ ಇದ್ದಳು.

"ಹಾಗಾದ್ರೆ ಇದಕ್ಕೆ ಅಂತ ಯಾರೂ ಇಲ್ಲ."

"ನಾನಿದೀನಲ್ಲ," ಅಂದೆ.

ಅಮ್ಮ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದಳು. "ದಿಕ್ಕಿಲ್ಲದೆ ಹೋದೋರಿಗೂ ಕೊನೇಲಿ ಒಂದು ಬೊಗಸೆ ಬಿಡ್ತಿದ್ರು ನಿಮ್ಮಪ್ಪ. ಅದಕ್ಕೆ ಗೋತ್ರ ಕೇಳಲ್ಲ, ಹೆಸರು ಕೇಳಲ್ಲ. ಬಿಡೋರು ಗಂಡಸೋ ಹೆಂಗಸೋ ಅಂತ ತಾನೇ ಯಾಕೆ ಕೇಳ್ಬೇಕು? ಬಾ, ಇದಕ್ಕೆ ಬಿಡು. ಎಷ್ಟು ಕಾಲದಿಂದ ಕಾದಿದೆಯೋ ಏನೋ."

ನನಗೆ ನಗು ಬಂತು. ಅಮ್ಮ ನಗಲಿಲ್ಲ.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ತಾಮ್ರದ ತಟ್ಟೆ ಇಟ್ಟು, ನನ್ನನ್ನು ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿದಳು. ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು. ಅಂಗೈಗೆ ಕರಿ ಎಳ್ಳು ಹಾಕಿ ಚೊಂಬಿನಿಂದ ನೀರು ಹುಯ್ದಳು. "ಹೆಬ್ಬೆರಳ ಪಕ್ಕದಿಂದ ಇಳೀಲಿ. ಬೆರಳ ತುದಿಯಿಂದ ಬಿಡೋದು ದೇವರಿಗೆ." ಹಾಗೇ ಮಾಡಿದೆ. "ತಗೋಪ್ಪಾ," ಅಂದೆ ಮೊಸಳೆಯ ನೆಂಟನಿಗೆ. ಎಳ್ಳಿನ ಜೊತೆ ನೀರು ತಟ್ಟೆಗಿಳಿಯಿತು.

ಮುಗಿಯಿತೆಂದು ಏಳಲು ಹೊರಟೆ. ಅಮ್ಮ ಭುಜ ಅದುಮಿ ಕೂರಿಸಿದಳು. ಒದ್ದೆ ಅಂಗೈಗೆ ಇನ್ನೊಂದು ಚಿಟಿಕೆ ಎಳ್ಳು ಬಿತ್ತು. ತಲೆಯೆತ್ತಿ ನೋಡಿದೆ. ಅವಳು ಚೊಂಬನ್ನು ಮತ್ತೆ ಎತ್ತಿ ಹಿಡಿದಿದ್ದಳು.

"ನಿಮ್ಮಪ್ಪನ ಹೆಸರು ಹೇಳು," ಅಂದಳು.

ಬಾಯಿ ತೆರೆದೆ. ಹುಟ್ಟಿದಾಗಿನಿಂದ ಅವರನ್ನು ಹೆಸರು ಹಿಡಿದು ಕರೆದವಳಲ್ಲ. "ಅಪ್ಪ," ಅಂದೆ. ಅಷ್ಟೇ ಬಂತು, ಮಿಕ್ಕಿದ್ದು ಅಳು.

"ಸಾಕು ಬಿಡು, ಅವರಿಗೆ ಗೊತ್ತಾಗುತ್ತೆ," ಅಂದು ಅಮ್ಮ ನನ್ನ ಕೈಗೆ ನೀರು ಹುಯ್ದಳು.