ಅಮಾವಾಸ್ಯೆಯ ಸಾಣೆ

ಅವರ ಎಡಗೈ ಹೆಬ್ಬೆರಳಿನ ಉಗುರು ಎತ್ತಿನ ಕೊಂಬಿನ ಹಾಗೆ ದಪ್ಪಗೆ, ಹಳದಿಯಾಗಿತ್ತು. ಅದರ ಮೇಲೆ ಅಡ್ಡಡ್ಡ ನೂರಾರು ಸಣ್ಣ ಗೀರುಗಳು. ಉಳಿಯ ಬಾಯನ್ನು ಆ ಉಗುರಿನ ಮೇಲೆ ಓರೆಯಾಗಿ ಇಟ್ಟು ಮೆಲ್ಲಗೆ ಎಳೆಯುತ್ತಿದ್ದರು. ಜಾರಿದರೆ ಉಳಿ ಮೊಂಡು. ಕಚ್ಚಿಕೊಂಡು ನಿಂತರೆ ಚೂಪು. ಅಂಗಡಿಯಿಂದ ಹೊರಗೆ ಹೋಗುವ ಒಂದೊಂದು ಉಳಿಯೂ ಆ ಉಗುರನ್ನು ದಾಟಿಯೇ ಹೋಗಬೇಕಿತ್ತು.

ಕೊಟ್ಟೂರಿನ ಸ್ಟೇಷನ್ ರಸ್ತೆಯಲ್ಲಿ ಅವರದೊಂದು ಸಣ್ಣ ಕಬ್ಬಿಣದ ಅಂಗಡಿ. ಬೋರ್ಡಿನ ಮೇಲೆ ಏನೋ ಹೆಸರಿತ್ತು, ಅದನ್ನು ಓದಿದವರು ಕಡಿಮೆ. ನಮಗೆಲ್ಲ ಅದು ಉಳಿ ಅಂಗಡಿ, ಅವರು ಉಳಿ ಅಂಗಡಿ ಅಜ್ಜ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಾಗಳಿ ಹತ್ತಿರದ ಹಳ್ಳಿಯಲ್ಲಿ ಅಪ್ಪನ ಜೊತೆ ಬಡಗಿ ಕೆಲಸ ಕಲಿತು, ತೊಂಬತ್ತರ ದಶಕದ ಮೊದಲಲ್ಲಿ, ಮದುವೆಯಾದ ಮೇಲೆ, ಒಬ್ಬನೇ ದುಡಿಯಬೇಕೆಂದು ಕೊಟ್ಟೂರಿಗೆ ಬಂದೆ. ಮೊದಲ ದಿನವೇ ಆ ಅಂಗಡಿಗೆ ಹೋಗಿ, ಕೆಂಪು ಹಿಡಿಯ ಹೊಳೆಯುವ ಉಳಿಯೊಂದನ್ನು ಆರಿಸಿಕೊಂಡೆ. ಅಜ್ಜ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಕಬ್ಬಿಣದ ಪಟ್ಟಿಗೆ ಒಮ್ಮೆ ತಟ್ಟಿ, ಕಿವಿಗೆ ಹಿಡಿದು, ವಾಪಸ್ ಡಬ್ಬಿಗೆ ಹಾಕಿದರು.

"ಇದು ನಿಂಗ ಬ್ಯಾಡ."

"ಯಾಕ್ರಿ ಅಜ್ಜಾರ, ರೊಕ್ಕ ಕೊಡ್ತೀನಲ್ಲ?"

"ರೊಕ್ಕ ಎಲ್ಲಾರೂ ಕೊಡ್ತಾರ. ನಾಳಿ ಇದನ್ನ ಹಿಡಕಂಡು ಯಾರದರ ತೇಗದ ಬಾಗ್ಲ ಕೆಡಿಸಿದಿ ಅಂದ್ರ ಬೈಸ್ಕಳಾವ ನೀನು. ನೀ ಮೇಸ್ತ್ರಿ ಅದಿ ಹೌದಲ್ಲ?"

ಅಲ್ಲಿಯ ತನಕ ನನ್ನನ್ನು ಯಾರೂ ಮೇಸ್ತ್ರಿ ಅಂದಿರಲಿಲ್ಲ. ಅಪ್ಪನೂ ಅಂದಿರಲಿಲ್ಲ. ಅವರು ಆರಿಸಿ ಕೊಟ್ಟ ಉಳಿ ನೋಡಲು ಕಪ್ಪಗೆ, ಗಡಸಾಗಿತ್ತು. ಅದು ಇವತ್ತಿಗೂ ನನ್ನ ಹತ್ತಿರ ಇದೆ. ತೇದು ತೇದು ಅರ್ಧವಾಗಿದೆ, ಬಾಯಿಯ ಹರಿತ ಮಾತ್ರ ಹೋಗಿಲ್ಲ.

ನಮ್ಮ ಕಸುಬಿನವರು ಅಮಾವಾಸ್ಯೆಯ ದಿನ ಉಪಕರಣ ಮುಟ್ಟುವುದಿಲ್ಲ. ತೊಳೆದು, ವಿಭೂತಿ ಹಚ್ಚಿ, ಕೈಮುಗಿದು ಸುಮ್ಮನಿರುತ್ತೇವೆ. ಅಜ್ಜನಿಗೆ ಆ ಕಟ್ಟು ಇರಲಿಲ್ಲ. "ಅಮಾಸಿ ನಿಮಗ, ನನಗಲ್ಲ. ತರ್ರಿ ಇಲ್ಲೆ" ಅನ್ನುತ್ತಿದ್ದರು. ಹಾಗಾಗಿ ತಿಂಗಳಿಗೊಮ್ಮೆ ಅವರ ಅಂಗಡಿಯ ಕಟ್ಟೆಯ ಮೇಲೆ ನಮ್ಮ ಸಂತೆ. ಕೂಡ್ಲಿಗಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯಿಂದ ಬಡಗಿಗಳು ಬೆಳಗಿನ ಬಸ್ಸಿಗೆ ಗರಗಸಗಳನ್ನು ಗೋಣಿತಾಟಿನಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಅಜ್ಜ ಬೇವಿನ ದಿಮ್ಮಿಯ ಸೀಳಿನಲ್ಲಿ ಗರಗಸ ಸಿಕ್ಕಿಸಿ, ಒಂದು ಹಲ್ಲು ಆಚೆ, ಒಂದು ಹಲ್ಲು ಈಚೆ ಬಾಗಿಸಿ, ಕಾನಸು ಎಂಬ ಅರ ಹಿಡಿದು ಒಂದೊಂದನ್ನೂ ಚೂಪು ಮಾಡುತ್ತಿದ್ದರು. ಉಳಿಗಳಿಗೆ ಸಾಣೆ ಹಿಡಿಯುತ್ತಿದ್ದರು. ನಾವು ಮಾಡಿಕೊಂಡರೆ ದಿನವೆಲ್ಲ ಹಿಡಿಯುವ ಕೆಲಸ. ಹೇಗೂ ಕೂಲಿ ಇಲ್ಲದ ದಿನ ಅದು ಮುಗಿದರೆ ಮಾರನೆಯ ದಿನ ಬೆಳಿಗ್ಗೆಯೇ ಕೆಲಸಕ್ಕೆ ಹೊರಡಬಹುದು. ಅದಕ್ಕೆ ಅವರು ಒಂದು ಪೈಸೆ ತೆಗೆದುಕೊಂಡವರಲ್ಲ. ಕೊಡಲು ಹೋದರೆ, "ನೀ ಉಳಿ ತಗಂಡಿಯಲ್ಲ ನನ್ನ ಕಡಿಂದ, ಮುಗೀತು ಬಿಡು" ಅನ್ನುತ್ತಿದ್ದರು.

ಹಡಗಲಿ ಕಡೆಯ ಒಬ್ಬ ದಪ್ಪ ಮೇಸ್ತ್ರಿ ಬರುತ್ತಿದ್ದ, ಬಾಯಿ ಸುಮ್ಮನಿರದವ. "ಅಜ್ಜಾರ, ನನ್ನ ಬಾಯಿಗೂ ಒಮ್ಮೆ ಸಾಣಿ ಹಿಡೀರಿ, ಹೆಂಡ್ತಿ ಮುಂದ ಮೊಂಡ ಆಗೈತಿ" ಅಂದರೆ, ಅಜ್ಜ ತಲೆ ಎತ್ತದೆ, "ನಿನ್ನ ಬಾಯಿ ಕಾನಸಿಗೆ ನಿಲ್ಲಂಗಿಲ್ಲಲೇ, ಕಾನಸ ಸವೀತೈತಿ" ಅನ್ನುವರು. ಹದಿನೈದು ವರ್ಷ ಹೀಗೆ ನಡೆಯಿತು.

ಆಮೇಲೆ ಕಾರ್ಡು ಬಂತು.

ಬಸ್ ಸ್ಟ್ಯಾಂಡಿನ ಎದುರಿಗೆ ಕಂಪ್ಯೂಟರ್ ಸೆಂಟರ್ ಆಗಿ ಒಂದೆರಡು ವರ್ಷವಾಗಿತ್ತು. ಅಲ್ಲಿಗೆ ದಾವಣಗೆರೆಯಿಂದ ಒಬ್ಬ ಏಜೆಂಟ್ ವಾರಕ್ಕೆರಡು ದಿನ ಬಂದು ಕೂರತೊಡಗಿದ. ವರ್ಷಕ್ಕೊಮ್ಮೆ ಒಂದೂವರೆ ಸಾವಿರ ಕಟ್ಟಿ ಮೆಂಬರ್ ಆಗಬೇಕು, ಅದಕ್ಕೊಂದು ಕಾರ್ಡು ಕೊಡುತ್ತಾರೆ. ಆಮೇಲೆ ಕಂಪ್ಯೂಟರಿನಲ್ಲಿ ಚಿತ್ರ ನೋಡಿ ಬೇಕಾದ್ದನ್ನು ಹೇಳಿದರೆ ಸಾಮಾನು ಮನೆಗೇ ಬರುತ್ತದೆ. ಮೆಂಬರಿಗೆ ಕೊರಿಯರ್ ಖರ್ಚಿಲ್ಲ, ರೇಟಿನಲ್ಲೂ ನೂರಕ್ಕೆ ಇಷ್ಟು ಕಡಿಮೆಯೆಂದು ಸೋಡಿ. ಉಳಿ, ಮರ ಹೆರೆಯುವ ರಂದಾ, ಕರೆಂಟಿನ ಡ್ರಿಲ್ಲು ಎಲ್ಲ ಇದ್ದವು. ಏಜೆಂಟ್ ನನಗೆ ಕುರ್ಚಿ ಹಾಕಿ, "ನಿಮ್ಮಂಥ ದೊಡ್ಡ ಮೇಸ್ತ್ರಿಗಳು ಮೊದಲು ತಗೋಬೇಕು ಸರ್, ಉಳಿದವರು ನಿಮ್ಮನ್ನ ನೋಡಿ ಬರ್ತಾರೆ" ಅಂದ. ಆ ಮಾತು ನನಗೆ ಹಿತವಾಯಿತು. ಸುಳ್ಳು ಯಾಕೆ ಬರೆಯಲಿ.

ಎರಡು ವಾರ ತೂಗಿ ನೋಡಿದೆ. ಹೆಂಡತಿಗೆ ಹೇಳಿದರೆ ಅವಳು ರೊಟ್ಟಿ ಬಡಿಯುತ್ತಾ, "ಅಂಗಡ್ಯಾಗ ಕಾಲಿಡಾಕ ಯಾರರ ಮೊದ್ಲ ರೊಕ್ಕ ಇಸ್ಕಂತಾರೇನು?" ಅಂದಳು.

"ಅಂಗಡಿ ಅಲ್ಲದು. ವರ್ಷಪೂರ್ತಿ ಸೋಡಿ ಸಿಗ್ತೈತಿ."

"ಸೋಡಿ ಸಿಗಬೇಕಂದ್ರ ಸಾಮಾನ ತಗಳಾಕ ಬೇಕಲ್ಲ. ಒಂದೂವರಿ ಸಾವ್ರ ಹೊಳ್ಳಿ ಬರಾಮಟ ಉಳಿ ತಂದು ಮನಿ ತುಂಬಿಸ್ತೀರೇನು?"

ಅವಳ ಮಾತಿಗೆ ಉತ್ತರ ಕೊಡಲು ಸರಿಯಾದ ಲೆಕ್ಕ ಬೇಕಿತ್ತು. ನೂರಕ್ಕೆ ಇಷ್ಟು ಸೋಡಿ ಅಂದರೆ ಒಟ್ಟು ಎಷ್ಟಾಯಿತು, ಅದರಲ್ಲಿ ಮೆಂಬರಿನ ದುಡ್ಡು ಹೋಗಿ ಏನು ಉಳಿಯಿತು, ಅದು ನನ್ನ ಐದನೇ ಕ್ಲಾಸಿಗೆ ನಿಲುಕುವ ಲೆಕ್ಕವಾಗಿರಲಿಲ್ಲ. ಕಂಪ್ಯೂಟರ್ ಸೆಂಟರಿನ ಹುಡುಗರ ಮುಂದೆ ನನಗೆ ಬರುವುದಿಲ್ಲ ಅನ್ನಲು ಮನಸ್ಸು ಒಪ್ಪಲಿಲ್ಲ. ನಾಚಿಕೆ ಬಿಟ್ಟು ಕೇಳಬಹುದಾದವರು ನನಗೆ ಊರಲ್ಲಿ ಒಬ್ಬರೇ ಇದ್ದರು. ಅವರ ಹತ್ತಿರವೇ ಹೋದೆ. ಅವರ ಅಂಗಡಿ ಬಿಟ್ಟು ಬೇರೆ ಕಡೆ ಕೊಂಡರೆ ನನಗೆ ಲಾಭವೋ ಎಂದು ಕೇಳಲು, ಆ ಅಂಗಡಿಯ ಮೆಟ್ಟಿಲನ್ನೇ ಹತ್ತಿದೆ.

ಅಜ್ಜ ಏಜೆಂಟ್ ಕೊಟ್ಟ ರೇಟಿನ ಹಾಳೆಯನ್ನು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. ಪ್ಲೈವುಡ್ಡಿನ ಒಂದು ತುಂಡು ತೆಗೆದುಕೊಂಡರು. ನನ್ನ ಕಿವಿಯ ಮೇಲಿದ್ದ ಪೆನ್ಸಿಲ್ಲನ್ನು ಅವರೇ ಎಳೆದುಕೊಂಡರು.

"ವರ್ಷಕ್ಕ ನನ್ನ ಕಡಿಂದ ಏನೇನ ತಗಂತಿ, ಹೇಳ್ಕಂತ ಹೋಗು."

ನಾನು ಹೇಳುತ್ತಾ ಹೋದೆ. ಉಳಿ ಎರಡು, ಕಾನಸು ನಾಲ್ಕು, ರಂದಾದ ಬ್ಲೇಡು, ತಿರುಪು, ಮೊಳೆ, ಕೀಲು, ಕದದ ಚಿಲಕ. ಒಂದೊಂದರ ಎದುರಿಗೂ ತಮ್ಮ ರೇಟು, ಅದರ ಪಕ್ಕದಲ್ಲಿ ಕಾರ್ಡಿನ ರೇಟು ಬರೆದರು.

"ಇನ್ನೇನರ ಐತೇನು?"

"ಇಲ್ಲಜ್ಜಾರ."

"ನೆಪ್ಪು ಮಾಡ್ಕ್ಯಂಡು ಹೇಳು. ನನ್ನ ಕಡಿಂದ ಇಷ್ಟ ಏನು ನೀ ತಗಳಾದು?"

"ಇಷ್ಟರಿ."

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಗೆರೆ ಎಳೆದು, ಕೂಡಿಸಿ, ಮೆಂಬರಿನ ದುಡ್ಡು ಕಳೆದು, ಹಲಗೆಯನ್ನು ನನ್ನ ಕಡೆ ತಿರುಗಿಸಿದರು.

"ಏಳ್ನೂರು ರೂಪಾಯಿ ನಿಂಗ ಉಳಿತೈತಿ. ತಗ."

"ನೀವ ತಗ ಅಂತೀರೇನ್ರಿ ಅಜ್ಜಾರ?"

"ನಾ ಎಲ್ಲೆಂದೆ? ಲೆಕ್ಕ ಅಂತೈತಿ."

ಆ ಏಳುನೂರಕ್ಕೆ ನಾನು ಮೆಂಬರ್ ಆದೆ.

ಮೋಸವೇನೂ ಆಗಲಿಲ್ಲ. ಮೋಸ ಆಗಿದ್ದರೆ ಬೈಯಲು ಯಾರಾದರೂ ಇರುತ್ತಿದ್ದರು. ಹೇಳಿದ ಹಾಗೆ ಡಬ್ಬಿಗಳು ಬಂದವು, ಸೋಡಿ ಸಿಕ್ಕಿತು. ಕಾರ್ಡಿಗೆ ದುಡ್ಡು ಕಟ್ಟಿದ್ದೇನೆಂದ ಮೇಲೆ ಒಂದು ತಿರುಪನ್ನು ಹೊರಗೆ ಕೊಂಡರೂ ಹೊಟ್ಟೆ ಉರಿಯುತ್ತಿತ್ತು. ಬೇಡದ ರಂದಾ ಒಂದು, ಇವತ್ತಿಗೂ ಡಬ್ಬಿ ಬಿಚ್ಚದ ಡ್ರಿಲ್ಲು ಒಂದು ಮನೆ ಸೇರಿದವು. ಹೆಂಡತಿ ಡ್ರಿಲ್ಲಿನ ಡಬ್ಬಿಯ ಮೇಲೆ ಉಪ್ಪಿನಕಾಯಿ ಜಾಡಿ ಇಟ್ಟಳು. ಏಜೆಂಟ್ ಹೇಳಿದ್ದೂ ನಿಜವಾಯಿತು. ನಾನು ತಗೊಂಡೆನೆಂದು ಉಳಿದವರೂ ತಗೊಂಡರು. ವರ್ಷ ತುಂಬುವುದರೊಳಗೆ ಅಮಾವಾಸ್ಯೆಯ ಕಟ್ಟೆಯ ಮುಕ್ಕಾಲು ಪಾಲು ಜನ ಮೆಂಬರು. ಕೇಳಿದವರಿಗೆಲ್ಲ ನಾನೇ ಲೆಕ್ಕ ಬಿಡಿಸಿ ಹೇಳುತ್ತಿದ್ದೆ. ಅಜ್ಜ ಹಲಗೆಯ ಮೇಲೆ ಮಾಡಿಕೊಟ್ಟ ಲೆಕ್ಕವನ್ನೇ, ನನ್ನದೆಂಬಂತೆ.

ಅಮಾವಾಸ್ಯೆಗೆ ಹೋಗುವುದನ್ನು ಮಾತ್ರ ಯಾರೂ ಬಿಡಲಿಲ್ಲ. ಡಬ್ಬಿಯಲ್ಲಿ ಬಂದ ಉಳಿಗಳನ್ನು, ಗರಗಸಗಳನ್ನು ತೆಗೆದುಕೊಂಡು ಬಂದು ಅದೇ ಬೇವಿನ ದಿಮ್ಮಿಯ ಮುಂದೆ ಇಡುತ್ತಿದ್ದೆವು. ಅಜ್ಜ ಬೇಡ ಅನ್ನಲಿಲ್ಲ. ಒಂದು ಸಲ ಹಡಗಲಿಯ ದಪ್ಪ ಮೇಸ್ತ್ರಿ, "ಅಜ್ಜಾರ, ಉಳಿ ಕಂಪ್ಯೂಟರಂದು, ಸಾಣಿ ನಿಮ್ಮದು. ಒಬ್ಬರು ಹಡಿಯಾದು, ಒಬ್ಬರು ಎಣ್ಣಿ ನೀರು ಹಾಕಾದು ಆತು ನೋಡ್ರಿ" ಅಂದ. ಕಟ್ಟೆ ತುಂಬ ನಗು. ನಾನೂ ನಕ್ಕೆ. ಅಜ್ಜ ಹೆಬ್ಬೆರಳ ಉಗುರಿನ ಮೇಲೆ ಅವನ ಉಳಿ ಎಳೆದರು, ಅದು ಜಾರಿತು. ಸಾಣೆ ಹಿಡಿದು ಮತ್ತೆ ಎಳೆದರು, ಮತ್ತೆ ಜಾರಿತು. "ಮ್ಯಾಲ ಪಾಲಿಶ್ ಐತಿ, ಒಳಗ ಉಕ್ಕಿಲ್ಲ" ಎಂದು ಮೂರನೆಯ ಸಲ ಸಾಣೆಗೆ ಹಿಡಿದರು.

ಒಂದು ಮಾತ್ರ ಬದಲಾಗಿತ್ತು. ಮೊದಲು ನನ್ನನ್ನು ಕಂಡರೆ "ಬಾರೋ ಮೇಸ್ತ್ರಿ" ಅನ್ನುತ್ತಿದ್ದವರು ಈಗ "ಬರ್ರಿ, ಕುಂದರ್ರಿ" ಅನ್ನುತ್ತಿದ್ದರು. ಹೊಸ ಗಿರಾಕಿಗೆ ಅನ್ನುವ ಹಾಗೆ. ನಾನು ಕೂರುತ್ತಿದ್ದೆ.

ಅಂಗಡಿಯ ಕಪಾಟುಗಳು ಖಾಲಿಯಾಗುತ್ತಾ ಬಂದವು. ಖಾಲಿಯಾದದ್ದನ್ನು ಅವರು ಮತ್ತೆ ತರಿಸಲಿಲ್ಲ. ನಾವೆಲ್ಲ ನೋಡುತ್ತಿದ್ದೆವು, ಯಾರೂ ಯಾರಿಗೂ ಹೇಳಲಿಲ್ಲ. ಎರಡನೆಯ ವರ್ಷ ಯುಗಾದಿ ಕಳೆದ ಮೇಲಿನ ಅಮಾವಾಸ್ಯೆಗೆ ನಾವು ಹೋದಾಗ ಬಾಗಿಲಿಗೆ ಬೀಗ. ಕಟ್ಟೆಯ ಮೇಲೆ ಏಳೆಂಟು ಜನ ಗರಗಸ ತೊಡೆಯ ಮೇಲಿಟ್ಟುಕೊಂಡು ಹತ್ತು ಗಂಟೆಯವರೆಗೆ ಕೂತೆವು. ಪಕ್ಕದ ಸೈಕಲ್ ಅಂಗಡಿಯವನು, "ಅಜ್ಜ ಅಂಗ್ಡಿ ಬಿಟ್ಟ್ರಲ್ಲ, ಗೊತ್ತಿಲ್ಲೇನು?" ಅಂದ.

"ಮುಂಚೆ ಹೇಳಬೇಕೋ ಬ್ಯಾಡೋ" ಅಂದ ಕೂಡ್ಲಿಗಿಯವನೊಬ್ಬ. "ಬಸ್ ಚಾರ್ಜು ದಂಡ ಆತು."

ಅವನನ್ನು ಹಿಡಿದು ಬಡಿಯಬೇಕೆನಿಸಿತು. ಬಡಿಯಲಿಲ್ಲ. ಮನಸ್ಸಿನಲ್ಲಿ ನಾನೂ ಅದನ್ನೇ ಅಂದುಕೊಂಡಿದ್ದೆ, ನನ್ನದು ಬಸ್ ಚಾರ್ಜು ಇರಲಿಲ್ಲ ಅಷ್ಟೆ.

ಅವರ ಮನೆಗೆ ಹೋದೆ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಹೆಬ್ಬೆರಳ ಉಗುರು ಉದ್ದ ಬೆಳೆದಿತ್ತು, ಬುಡದಲ್ಲಿ ಗೀರಿಲ್ಲದ ಹೊಸ ಉಗುರು ಬಂದಿತ್ತು. ಎದುರಿನ ಕಟ್ಟೆಯ ಮೇಲೆ ಕೂತೆ. ಕೊನೆಗೆ ನನ್ನ ಬಾಯಿಂದ ಬಂದದ್ದು ಕ್ಷಮೆಯ ಮಾತಲ್ಲ, ದೂರಿನ ಮಾತು. ನನ್ನ ಗುಣವೇ ಹಾಗೆ.

"ಅವತ್ತು ಲೆಕ್ಕ ಮಾಡಿಕೊಟ್ಟ್ರಲ್ಲ ಅಜ್ಜಾರ, ಅದರಾಗ ಸಾಣಿ ಬರೀಲಿಲ್ಲ ನೀವು."

"ನೀನೂ ಹೇಳಲಿಲ್ಲ."

ಸಿಟ್ಟಿಲ್ಲದೆ ಹೇಳಿದರು. ಅಂಗಡಿಯಲ್ಲಿ ಯಾವ ಸಾಮಾನು ಎಲ್ಲಿದೆ ಎಂದು ಹೇಳುವ ಹಾಗೆ.

"ನನ್ನ ಕಡಿಂದ ಏನೇನ ತಗಂತಿ ಅಂತ ಎರಡ ಸಲ ಕೇಳಿದೆ. ಇಷ್ಟ ಅಂದಿ. ನೀ ಹೇಳಲಾರದ್ದನ್ನ ನಾ ಬರಕಂಡ್ರ, ಬೇಡಿದಂಗ ಆಗ್ತಿತ್ತು."

ಅವರ ಸೊಸೆ ಚಹಾ ತಂದಳು. ಕುಡಿದು ಎದ್ದೆ. ಹೊರಡುವಾಗ ಅವರು "ಹೋಗಿ ಬರ್ರಿ" ಅಂದರು. ಇನ್ನೊಂದು ಸಲ ಮೇಸ್ತ್ರಿ ಅನ್ನಲಿ ಎಂದು ಬಾಗಿಲಲ್ಲಿ ಚಪ್ಪಲಿ ಮೆಟ್ಟುವ ನೆಪದಲ್ಲಿ ತಡ ಮಾಡಿದೆ. ಅನ್ನಲಿಲ್ಲ.

ಆ ವರ್ಷ ಶ್ರಾವಣದಲ್ಲಿ ಹೋದರು. ಅವರ ಪದ್ಧತಿಯಂತೆ ಕೂರಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಕೈಗಳನ್ನು ತೊಡೆಯ ಮೇಲೆ ಇಟ್ಟಿದ್ದರು. ಯಾರೋ ಉಗುರುಗಳನ್ನೆಲ್ಲ ಕತ್ತರಿಸಿದ್ದರು. ಹೆಬ್ಬೆರಳಿನದೂ ಬಿಟ್ಟಿರಲಿಲ್ಲ. ಹಳೆಯ ಗೀರು ಒಂದಾದರೂ ಉಳಿದಿದೆಯೇ ಎಂದು ಹಾರ ಹಾಕುವಾಗ ಬಗ್ಗಿ ನೋಡಿದೆ. ನುಣ್ಣಗಿತ್ತು.

ಕಾರ್ಡಿಗೆ ಮುಂದಿನ ವರ್ಷದ ದುಡ್ಡು ನಾನು ಕಟ್ಟಲಿಲ್ಲ. ಅದರಿಂದ ಯಾರಿಗೂ ಏನೂ ಆಗಲಿಲ್ಲ, ಅಂಗಡಿ ಹೋಗಿಯಾಗಿತ್ತು.

ಅಮಾವಾಸ್ಯೆಗೆ ಈಗಲೂ ನಾನು ಉಪಕರಣ ಮುಟ್ಟುವುದಿಲ್ಲ. ಮಾರನೆಯ ದಿನ ಕೆಲಸಕ್ಕೆ ಹೋಗದೆ ಮನೆಯ ಮುಂದೆ ಕೂತು ಗರಗಸದ ಹಲ್ಲು ಒಂದೊಂದನ್ನೇ ಬಾಗಿಸುತ್ತೇನೆ. ಅವರಷ್ಟು ಸಮ ಬರುವುದಿಲ್ಲ. ಹೀಗೆ ತಿಂಗಳಿಗೆ ಒಂದು ದಿನದ ಕೂಲಿ ಹೋಗುತ್ತದೆ, ವರ್ಷಕ್ಕೆ ಹನ್ನೆರಡು ದಿನದ್ದು. ಆ ಏಳುನೂರು ಅದರ ಮುಂದೆ ಎಷ್ಟೆಂದು ತಿಳಿಯಲು ಯಾರ ಹತ್ತಿರವೂ ಹೋಗಬೇಕಾಗಿರಲಿಲ್ಲ. ಅದು ಐದನೇ ಕ್ಲಾಸಿನ ಲೆಕ್ಕ. ಅಷ್ಟು ನನಗೆ ಅವತ್ತೂ ಬರುತ್ತಿತ್ತು.